ಶರತ್ಕಾಲದ ಉಡುಪು

ಆಶ್ವಯುಜ ಮಾಸ ಕಾಲಿಟ್ಟಿತೆಂದರೆ ಮುಂಗಾರಿನ ಮೋಡಗಳು ಚದರಿ ಆಕಾಶ ತಿಳಿಯಾಗುತ್ತದೆ. ನೆಲದೊಳಗಿನ ಮಳೆಯ ತೇವ ಇನ್ನೂ ಆರಿರುವುದಿಲ್ಲ. ಆದರೂ ಮಧ್ಯಾಹ್ನದ ಬಿಸಿಲು ವೈಶಾಖವನ್ನು ನೆನಪಿಗೆ ತರುತ್ತದೆ. ಕಾರ್ತಿಕ ಸಮೀಪಿಸಿದಂತೆ ಬೆಳಗಿನ ಜಾವ ಮೈ ನಡುಗತೊಡಗುತ್ತದೆ. ಹೀಗೆ ಬೇಸಗೆಯೂ ಚಳಿಗಾಲವೂ ಒಂದೇ ದಿನದೊಳಗೆ ಬಂದುಹೋಗುವ ಈ ಋತುವಿನಲ್ಲಿ ಏನನ್ನು ಉಡಬೇಕು, ಏನನ್ನು ಹೊದೆಯಬೇಕು ಎಂಬುದು ಎಲ್ಲ ಮನೆಗಳಲ್ಲಿಯೂ ಏಳುವ ಪ್ರಶ್ನೆ.

ಕಾಲೇಜಿನ ಬೆಳಗಿನ ಮೊದಲ ತರಗತಿಯಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಕಾಣಬಹುದು. ಕೆಲವರು ದಪ್ಪನಾದ ಸ್ವೆಟರ್ ತೊಟ್ಟು ಬರುತ್ತಾರೆ; ಹನ್ನೆರಡು ಗಂಟೆಯ ಹೊತ್ತಿಗೆ ಆ ಸ್ವೆಟರುಗಳೆಲ್ಲ ಬೆಂಚಿನ ಬೆನ್ನಿಗೆ ಜೋತುಬಿದ್ದಿರುತ್ತವೆ, ಒಳಗಿನ ಅಂಗಿ ಬೆವರಿನಿಂದ ನೆನೆದಿರುತ್ತದೆ. ಮತ್ತೆ ಕೆಲವರು ಬೇಸಗೆಯ ತೆಳು ಅಂಗಿಯಲ್ಲಿಯೇ ಬಂದು, ಕೈಗಳನ್ನು ಕಂಕುಳಲ್ಲಿ ಅವಿತಿಟ್ಟು ಪಾಠ ಕೇಳುತ್ತಾರೆ. ಪೆಟ್ಟಿಗೆಯಲ್ಲಿರುವ ಬೇಸಗೆಯ ಬಟ್ಟೆ ಇನ್ನು ಕೆಲಸಕ್ಕೆ ಬಾರದು, ದಪ್ಪನೆಯ ಉಣ್ಣೆಯ ಬಟ್ಟೆಯನ್ನೇ ಕೊಳ್ಳಬೇಕು ಎಂಬುದು ಇಬ್ಬರ ಎಣಿಕೆಯೂ ಹೌದು. ಒಳ್ಳೆಯ ಸ್ವೆಟರಿನ ಬೆಲೆ ಅನೇಕ ಮನೆಗಳ ತಿಂಗಳ ಲೆಕ್ಕವನ್ನು ಕದಲಿಸುವಂಥದು. ಆದುದರಿಂದ ಆ ಎಣಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಭೌತಶಾಸ್ತ್ರದ ನೆರವಿನಿಂದ ವಿಚಾರಿಸುವುದು ಉಚಿತ.

ಹಗಲಿಗೂ ಇರುಳಿಗೂ ಇಷ್ಟು ಅಂತರವೇಕೆ?

ಮಳೆಗಾಲದ ಮೋಡ ಎರಡು ಕೆಲಸಗಳನ್ನು ಮಾಡುತ್ತದೆ. ಹಗಲಿನಲ್ಲಿ ಸೂರ್ಯಕಿರಣಗಳ ಒಂದು ದೊಡ್ಡ ಪಾಲನ್ನು ತಡೆದು ನೆಲ ಕಾಯದಂತೆ ನೋಡಿಕೊಳ್ಳುತ್ತದೆ. ರಾತ್ರಿಯಲ್ಲಿ ನೆಲದಿಂದ ಹೊರಡುವ, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹೀರಿಕೊಂಡು ಅವುಗಳಲ್ಲಿ ಬಹುಭಾಗವನ್ನು ನೆಲಕ್ಕೇ ಮರಳಿಸುತ್ತದೆ. ಗಾಳಿಯಲ್ಲಿ ಬೆರೆತಿರುವ ನೀರಾವಿಯೂ ಇದೇ ಕೆಲಸದಲ್ಲಿ ಪಾಲುಗೊಳ್ಳುತ್ತದೆ. ಹೀಗಾಗಿ ಮಳೆಗಾಲದಲ್ಲಿ ಹಗಲು ಬಹಳ ಬಿಸಿಯೂ ಅಲ್ಲ, ರಾತ್ರಿ ಬಹಳ ತಂಪೂ ಅಲ್ಲ.

ಅಕ್ಟೋಬರ್ ತಿಂಗಳ ನಡುವಿನ ಹೊತ್ತಿಗೆ ನೈಋತ್ಯ ಮಾರುತ ನಮ್ಮ ನಾಡಿನಿಂದ ಹಿಂದೆಗೆಯುತ್ತದೆ. ಮೋಡದ ಹೊದಿಕೆ ಸರಿದು ಗಾಳಿ ಒಣಗುತ್ತ ಹೋಗುತ್ತದೆ. ಸೂರ್ಯನು ದಕ್ಷಿಣಕ್ಕೆ ಸರಿದಿದ್ದರೂ ಹಗಲಿನಲ್ಲಿ ತಡೆಯಿಲ್ಲದೆ ನೆಲವನ್ನು ಕಾಯಿಸುತ್ತಾನೆ; ಇರುಳಿನಲ್ಲಿ ನೆಲವೂ ತಡೆಯಿಲ್ಲದೆ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತದೆ. ಇರುಳು ದೀರ್ಘವಾದಷ್ಟೂ ಈ ನಷ್ಟ ಹೆಚ್ಚು. ಬಯಲುಸೀಮೆಯ ವಿಜಯಪುರ, ಕಲಬುರಗಿಗಳ ಕಡೆ ಆಗಸ್ಟಿನಲ್ಲಿ ದಿನದ ಗರಿಷ್ಠ ಉಷ್ಣತೆಗೂ ಕನಿಷ್ಠ ಉಷ್ಣತೆಗೂ ಇರುವ ಅಂತರ ಸುಮಾರು ೮ ಡಿಗ್ರಿ ಸೆಂಟಿಗ್ರೇಡ್. ನವೆಂಬರಿನಲ್ಲಿ ಹಗಲು ೩೦ ಡಿಗ್ರಿಯ ಹತ್ತಿರವೇ ಇದ್ದರೂ ಬೆಳಗಿನ ಜಾವದ ಉಷ್ಣತೆ ೧೭–೧೮ ಡಿಗ್ರಿಗೆ ಇಳಿಯುತ್ತದೆ. ಅಂತರ ೧೨ ಡಿಗ್ರಿಗೆ ಏರುತ್ತದೆ. ಕರಾವಳಿಯಲ್ಲಿ ಸಮುದ್ರದ ನೆರೆಯಿಂದಾಗಿ ಅಂತರ ಇಷ್ಟು ದೊಡ್ಡದಲ್ಲ. ದಕ್ಷಿಣದ ಒಳನಾಡಿನಲ್ಲಿ ಹಿಂಗಾರಿನ ಮೋಡಗಳು ಸುಳಿದಾಡುವುದರಿಂದ ಈ ಸ್ಥಿತಿ ಸ್ವಲ್ಪ ತಡವಾಗಿ ಬರುತ್ತದೆ. ಶರತ್ಕಾಲದ ಉಡುಪಿನ ಸಮಸ್ಯೆ ಚಳಿಯದಲ್ಲ, ಅಂತರದ್ದು ಎಂಬುದನ್ನು ವಾಚಕರು ಇಲ್ಲಿಯೇ ಗಮನಿಸಬೇಕು.

ದೇಹವೆಂಬ ಒಲೆ

ಸುಮ್ಮನೆ ಕುಳಿತಿರುವ ವಯಸ್ಕನ ದೇಹ ಸುಮಾರು ೧೦೦ ವಾಟ್ ಪ್ರಮಾಣದಲ್ಲಿ ಶಾಖವನ್ನು ಉತ್ಪಾದಿಸುತ್ತದೆ. ಹಳೆಯ ಕಾಲದ ಒಂದು ಒಳ್ಳೆಯ ವಿದ್ಯುದ್ದೀಪ ಉರಿಯುತ್ತಿದ್ದಂತೆ ಎನ್ನಬಹುದು. ಬಿರುಸಾಗಿ ನಡೆದರೆ ಇದು ಮೂರು ಪಟ್ಟು ಆಗುತ್ತದೆ. ದೇಹದೊಳಗಿನ ಉಷ್ಣತೆ ೩೭ ಡಿಗ್ರಿಯಲ್ಲಿ ನಿಲ್ಲಬೇಕಾದರೆ ಹುಟ್ಟಿದ ಶಾಖವೆಲ್ಲ ಹುಟ್ಟಿದ ವೇಗದಲ್ಲಿಯೇ ಹೊರಕ್ಕೆ ಹೋಗಬೇಕು. ಕಡಮೆ ಹೋದರೆ ಸೆಕೆ, ಹೆಚ್ಚು ಹೋದರೆ ಚಳಿ.

ಹೊರಹೋಗುವ ದಾರಿಗಳು ನಾಲ್ಕು. ಮೈಗೆ ತಗುಲಿದ ವಸ್ತುಗಳ ಮೂಲಕ ಶಾಖ ಸಾಗುವುದು ವಹನ. ಮೈ ಸವರಿ ಹೋಗುವ ಗಾಳಿ ಅದನ್ನು ಹೊತ್ತೊಯ್ಯುವುದು ಸಂವಹನ. ಕಿರಣರೂಪದಲ್ಲಿ ಹೊರಸೂಸುವುದು ವಿಕಿರಣ. ಬೆವರು ಆವಿಯಾಗುವಾಗ ಶಾಖವನ್ನು ಸೆಳೆದೊಯ್ಯುವುದು ಬಾಷ್ಪೀಭವನ. ಬಟ್ಟೆ ಈ ನಾಲ್ಕು ಬಾಗಿಲುಗಳಿಗೂ ಹಾಕಿದ ಪರದೆ. ಪರದೆಯನ್ನು ಎಷ್ಟು ಎಳೆಯಬೇಕು, ಎಷ್ಟು ಸರಿಸಬೇಕು ಎಂಬುದೇ ಉಡುಪಿನ ಶಾಸ್ತ್ರ.

ಬೆಚ್ಚಗಿಡುವುದು ಬಟ್ಟೆಯೆ, ಗಾಳಿಯೆ?

ಉಣ್ಣೆಯೊಳಗೆ ಶಾಖ ಇದೆಯೆಂದು ಎಳೆಯರು ನಂಬುವುದುಂಟು. ಉಷ್ಣತಾಮಾಪಕವನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಪಾದರಸ ಒಂದು ಗೆರೆಯೂ ಏರುವುದಿಲ್ಲ. ಕಂಬಳಿ ಶಾಖವನ್ನು ಕೊಡುವುದಿಲ್ಲ, ತಡೆಯುತ್ತದೆ, ಅಷ್ಟೇ.

ತಡೆಯುವುದಾದರೂ ಏತರಿಂದ? ಈ ಪ್ರಶ್ನೆಯನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗನು ರಮ್‌ಫೋರ್ಡ್ ಎಂದು ಹೆಸರಾದ ಬೆಂಜಮಿನ್ ಥಾಮ್ಸನ್. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯದ ಅರಸನ ಸೇವೆಯಲ್ಲಿದ್ದ ಆತನು ಉಷ್ಣತಾಮಾಪಕದ ಬುಡ್ಡಿಯನ್ನು ಒಂದು ಗಾಜಿನ ಗೋಳದ ನಡುವೆ ನಿಲ್ಲಿಸಿ, ಸುತ್ತಲಿನ ಎಡೆಯಲ್ಲಿ ಉಣ್ಣೆ, ಹತ್ತಿ, ರೇಷ್ಮೆ, ತುಪ್ಪಳ ಮುಂತಾದವನ್ನು ಒಂದೊಂದಾಗಿ ತುಂಬಿದನು. ಗೋಳವನ್ನು ಕುದಿಯುವ ನೀರಿನಲ್ಲಿ ಕಾಯಿಸಿ, ಬಳಿಕ ಮಂಜುಗಡ್ಡೆಯಲ್ಲಿ ಇಟ್ಟು, ಅದು ತಣ್ಣಗಾಗಲು ಹಿಡಿಯುವ ಹೊತ್ತನ್ನು ಅಳೆದನು. ಸಡಿಲವಾದ ಕಚ್ಚಾ ರೇಷ್ಮೆ ಶಾಖವನ್ನು ಬಹಳ ಹೊತ್ತು ತಡೆಯಿತು. ಅದೇ ರೇಷ್ಮೆಯನ್ನು ಬಿಗಿಯಾಗಿ ಹೊಸೆದು ನೂಲಿನ ರೂಪದಲ್ಲಿ ತುಂಬಿದಾಗ ಶಾಖ ಬೇಗ ಹೊರಬಿದ್ದಿತು. ವಸ್ತು ಒಂದೇ, ಫಲ ಬೇರೆ. ಆದುದರಿಂದ ತಡೆಯುವುದು ಎಳೆಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಎಂದಾಯಿತು. ಶಾಖದ ಮೇಲಿನ ಪ್ರಯೋಗಗಳಿಗಾಗಿ ಲಂಡನ್ನಿನ ರಾಯಲ್ ಸೊಸೈಟಿ ೧೭೯೨ರಲ್ಲಿ ಆತನಿಗೆ ಕಾಪ್ಲಿ ಪದಕವನ್ನು ನೀಡಿತು.

ನಿಶ್ಚಲವಾದ ಗಾಳಿ ಅತಿ ಮಂದವಾದ ಉಷ್ಣವಾಹಕ. ನೀರಿನ ವಾಹಕತ್ವ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಉಣ್ಣೆಯ ಎಳೆ ಸ್ವಭಾವದಿಂದಲೇ ಗುಂಗುರಾಗಿರುವುದರಿಂದ ಒಂದಕ್ಕೊಂದು ಒತ್ತಿಕೊಳ್ಳದೆ ನಡುವೆ ಗಾಳಿಗೆ ಎಡೆ ಬಿಡುತ್ತದೆ. ನಯವಾದ ಹತ್ತಿಬಟ್ಟೆಯಲ್ಲಿ ಆ ಎಡೆ ಕಡಮೆ. ಉಣ್ಣೆಯ ಹಿರಿಮೆ ಬಹುಮಟ್ಟಿಗೆ ಇದೇ.

ಬೆಚ್ಚಗಿನ ಅಳತೆ

ಬಟ್ಟೆಯ ಶಾಖನಿರೋಧವನ್ನು ಅಳೆಯಲು ೧೯೪೧ರಲ್ಲಿ ಗ್ಯಾಗ್, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು ‘ಕ್ಲೊ’ ಎಂಬ ಮಾನವನ್ನು ಸೂಚಿಸಿದರು. ೨೧ ಡಿಗ್ರಿ ಉಷ್ಣತೆಯ, ಗಾಳಿಯ ಸುಳಿವು ಅತ್ಯಲ್ಪವಾಗಿರುವ ಕೋಣೆಯಲ್ಲಿ ಸುಮ್ಮನೆ ಕುಳಿತವನು ಹಿತವಾಗಿರಲು ಬೇಕಾದ ಉಡುಪಿನ ನಿರೋಧವೇ ೧ ಕ್ಲೊ. ಪೂರ್ಣವಾಗಿ ನಿಶ್ಚಲವಾಗಿರುವ ೪ ಮಿಲಿಮೀಟರ್ ದಪ್ಪದ ಗಾಳಿಯ ಪದರ ಇದಕ್ಕೆ ಸಮ.

ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಗಳಿಗೆ ಮುಂದಿನ ಲೆಕ್ಕ ಸುಲಭ. ವಿಭವಾಂತರವನ್ನು ನಿರೋಧದಿಂದ ಭಾಗಿಸಿದರೆ ವಿದ್ಯುತ್ಪ್ರವಾಹ ದೊರೆಯುವಂತೆ, ಉಷ್ಣತೆಯ ಅಂತರವನ್ನು ಶಾಖನಿರೋಧದಿಂದ ಭಾಗಿಸಿದರೆ ಶಾಖದ ಪ್ರವಾಹ ದೊರೆಯುತ್ತದೆ. ಕುಳಿತವನ ಮೈಯ ಪ್ರತಿ ಚದರ ಮೀಟರಿನಿಂದ ಹೊರಡಬೇಕಾದ ಶಾಖ ಸುಮಾರು ೫೮ ವಾಟ್; ಅದರಲ್ಲಿ ಮುಕ್ಕಾಲು ಪಾಲು, ಎಂದರೆ ೪೪ ವಾಟ್, ಬಟ್ಟೆಯ ಮೂಲಕ ಹಾದುಹೋಗಬೇಕು. ಉಳಿದದ್ದನ್ನು ಉಸಿರೂ ಚರ್ಮದ ತೇವವೂ ಒಯ್ಯುತ್ತವೆ. ಚರ್ಮದ ಹಿತವಾದ ಉಷ್ಣತೆ ಸುಮಾರು ೩೩ ಡಿಗ್ರಿ. ಬೆಳಗಿನ ೧೮ ಡಿಗ್ರಿಯಲ್ಲಿ ಅಂತರ ೧೫. ಅದನ್ನು ೪೪ರಿಂದ ಭಾಗಿಸಿದರೆ ಬೇಕಾದ ನಿರೋಧ ೦.೩೪. ಇದರಲ್ಲಿ ಸುಮಾರು ೦.೧೨ರಷ್ಟನ್ನು ಉಡುಪಿನ ಹೊರಮೈಗೆ ಅಂಟಿದ ಗಾಳಿಯ ಪದರವೇ ಪುಕ್ಕಟೆಯಾಗಿ ಒದಗಿಸುತ್ತದೆ. ಉಳಿದ ೦.೨೨ನ್ನು ಬಟ್ಟೆ ಕೊಡಬೇಕು. ೧ ಕ್ಲೊ ಈ ಮಾನದಲ್ಲಿ ೦.೧೫೫ ಆದುದರಿಂದ ಬೇಕಾದ ಉಡುಪು ೧.೪ ಕ್ಲೊ.

ಹೊತ್ತೇರಿ ಗಾಳಿ ೨೪ ಡಿಗ್ರಿಗೆ ಬಂದಾಗ ಇದೇ ಲೆಕ್ಕದಿಂದ ಬೇಕಾದ ಉಡುಪು ಅರ್ಧ ಕ್ಲೊಗೆ ಇಳಿಯುತ್ತದೆ. ಮಧ್ಯಾಹ್ನದ ೩೦ ಡಿಗ್ರಿಯಲ್ಲಿ ಬರಿಮೈಯ ಗಾಳಿಪದರವೇ ಹೆಚ್ಚಾಗಿ ಬೆವರಿನ ನೆರವು ಬೇಕಾಗುತ್ತದೆ. ಬೆಳಗಿನ ಆರು ಗಂಟೆಯಿಂದ ಮಧ್ಯಾಹ್ನದ ಎರಡು ಗಂಟೆಯೊಳಗೆ ನಮ್ಮ ಅಗತ್ಯ ೧.೪ ಕ್ಲೊಯಿಂದ ಶೂನ್ಯಕ್ಕೆ ಇಳಿಯುತ್ತದೆ! ಹೀಗಿರುವಲ್ಲಿ ಯಾವುದೇ ಒಂದು ಉಡುಪು, ಎಷ್ಟೇ ಬೆಲೆಯದಾಗಿರಲಿ, ಇಡೀ ದಿನಕ್ಕೆ ಹೊಂದಲಾರದು.

ಇನ್ನೊಂದು ವಿಶೇಷವಿದೆ. ಅದೇ ೧೮ ಡಿಗ್ರಿಯ ಬೆಳಗಿನಲ್ಲಿ ಬಿರುಸಾಗಿ ನಡೆಯುವವನ ಶಾಖೋತ್ಪತ್ತಿ ಮೂರು ಪಟ್ಟಾಗಿರುವುದರಿಂದ ಅವನಿಗೆ ತೆಳುವಾದ ಒಂದು ಅಂಗಿ ಸಾಕು. ಬಸ್ಸಿಗಾಗಿ ನಿಂತವನಿಗೆ ಚಳಿ, ಬಸ್ಸನ್ನು ಹಿಡಿಯಲು ಓಡಿ ಬಂದವನಿಗೆ ಸೆಕೆ. ಉಡುಪನ್ನು ಗೊತ್ತುಮಾಡುವುದು ಪಂಚಾಂಗವೂ ಅಲ್ಲ, ಉಷ್ಣತಾಮಾಪಕವೊಂದೇ ಅಲ್ಲ. ನಾವು ಮಾಡುತ್ತಿರುವ ಕೆಲಸವೂ ಹೌದು.

ಪದರಗಳ ಲಾಭ

ಸರಣಿಯಲ್ಲಿ ಜೋಡಿಸಿದ ನಿರೋಧಗಳು ಕೂಡಿಕೊಳ್ಳುವಂತೆ ಒಂದರ ಮೇಲೊಂದು ತೊಟ್ಟ ಬಟ್ಟೆಗಳ ನಿರೋಧಗಳೂ ಕೂಡಿಕೊಳ್ಳುತ್ತವೆ. ಈಗ ನಮ್ಮ ಪೆಟ್ಟಿಗೆಯನ್ನು ಲೆಕ್ಕಹಾಕೋಣ. ಅರೆತೋಳಿನ ತೆಳು ಅಂಗಿ ಸುಮಾರು ೦.೨ ಕ್ಲೊ, ಷರಾಯಿ, ಒಳಉಡುಪು, ಪಾದರಕ್ಷೆಗಳನ್ನು ಸೇರಿಸಿದರೆ ಒಟ್ಟು ಅರ್ಧ ಕ್ಲೊ. ಇದು ಬೇಸಗೆಯ ಉಡುಪು. ತೆಳುವಾದ ಸ್ವೆಟರ್ ೦.೨೫ ಕ್ಲೊ, ದಪ್ಪನೆಯದು ೦.೩೬ ಕ್ಲೊ. ಎರಡಕ್ಕೂ ಇರುವ ವ್ಯತ್ಯಾಸ ೦.೧೧ ಮಾತ್ರ. ಒಳಗೊಂದು ಬನಿಯನ್ ತೊಟ್ಟರೆ ೦.೦೮, ಅರೆತೋಳಿನ ಬದಲು ತುಂಬುತೋಳಿನ ಅಂಗಿ ತೊಟ್ಟರೆ ೦.೦೬, ಒಟ್ಟು ೦.೧೪ ಕ್ಲೊ ದೊರೆಯುತ್ತದೆ. ಎಂದರೆ ಪೆಟ್ಟಿಗೆಯಲ್ಲಿ ಮೊದಲೇ ಇದ್ದ ಬನಿಯನ್ನೂ ತುಂಬುತೋಳೂ ಸೇರಿ ತೆಳು ಸ್ವೆಟರನ್ನು ದಪ್ಪ ಸ್ವೆಟರಿಗಿಂತ ಮೇಲಾಗಿಸುತ್ತವೆ. ಕತ್ತು ಕಿವಿಗಳನ್ನು ಬಳಸಿದ ಒಂದು ಶಾಲು ಉಳಿದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ದಪ್ಪ ಸ್ವೆಟರನ್ನು ತೆಗೆದರೆ ಅಷ್ಟೂ ಹೋಗುತ್ತದೆ. ಪದರಗಳನ್ನಾದರೋ ಹೊತ್ತು ಏರಿದಂತೆ ಒಂದೊಂದಾಗಿ ಕಳಚಬಹುದು.

ಈ ತತ್ತ್ವವನ್ನು ನಮ್ಮ ಹಿರಿಯರು ಸೂತ್ರರೂಪದಲ್ಲಿ ಬರೆದಿಡಲಿಲ್ಲ, ಹೊಲಿದಿಟ್ಟರು. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಕಾಣುವ ಕೌದಿಯನ್ನು ನೋಡಿರಿ. ಹಳೆಯ ಸೀರೆ, ಧೋತರಗಳ ತೆಳು ಅರಿವೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಗೆ ಹಾಕಿದ ಹೊದಿಕೆ ಅದು. ಅರಿವೆಯಲ್ಲಿ ಯಾವ ಸತ್ತ್ವವೂ ಉಳಿದಿರುವುದಿಲ್ಲ. ಅರಿವೆಗಳ ನಡುವೆ ನಿಂತ ಗಾಳಿ ಇರುಳಿಡೀ ಕಾಯುತ್ತದೆ.

ಗಾಳಿ, ಆಕಾಶ, ಬೆವರು

ಮೇಲಿನ ಲೆಕ್ಕ ನಿಶ್ಚಲವಾದ ಗಾಳಿಯದು. ಗಂಟೆಗೆ ೧೫ ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವವನಿಗೆ ಎದುರುಗಾಳಿ ಸೆಕೆಂಡಿಗೆ ೪ ಮೀಟರಿನಷ್ಟು. ಆಗ ಹೊರಮೈಯ ಗಾಳಿಪದರದ ನಿರೋಧ ನಾಲ್ಕನೆಯ ಒಂದು ಭಾಗಕ್ಕೆ ಕುಸಿಯಬಹುದು. ಕಿಟಕಿ ತೆರೆದ ಬಸ್ಸಿನಲ್ಲಿಯೂ ಸ್ಕೂಟರಿನ ಮೇಲೂ ಇದೇ ಗತಿ. ಹೆಣಿಗೆಯ ಸ್ವೆಟರಿನ ಕಣ್ಣುಗಳಲ್ಲಿ ಗಾಳಿ ನೇರವಾಗಿ ಹಾದುಹೋಗುವುದರಿಂದ ಅದರೊಳಗಿನ ನಿಶ್ಚಲ ಗಾಳಿಯೂ ಕದಡುತ್ತದೆ. ಆದುದರಿಂದ ಸವಾರಿಯ ಹೊತ್ತಿನಲ್ಲಿ ಬಿಗಿನೇಯ್ಗೆಯ ಅಂಗಿಯೊಂದನ್ನು ಸ್ವೆಟರಿನ ಮೇಲೆ ತೊಡುವುದು ಮೇಲು. ನೋಟಕ್ಕೆ ಇದು ವಿಚಿತ್ರವೆನಿಸಬಹುದು, ತತ್ತ್ವಕ್ಕೆ ಸರಿ.

ತಿಳಿಯಾದ ಇರುಳಿನಲ್ಲಿ ಬಯಲಲ್ಲಿ ನಿಂತವನು ತನ್ನ ಶಾಖವನ್ನು ಆಕಾಶದತ್ತ ಸೂಸುತ್ತಿರುತ್ತಾನೆ. ಮರದಡಿಯಲ್ಲಿ ನಿಂತರೆ ಎಲೆಗಳು ಶಾಖಕಿರಣಗಳನ್ನು ಮರಳಿಸುತ್ತವೆ. ಹೊಲ ಕಾಯುವವರೂ ಕುರಿ ಕಾಯುವವರೂ ಕಂಬಳಿಯನ್ನು ತಲೆಯ ಮೇಲಿನಿಂದ ಇಳಿಬಿಡುವುದರ ಮರ್ಮವಿದು. ಚಳ್ಳಕೆರೆಯ ಕಡೆಯ ಒರಟು ಉಣ್ಣೆಯ ಕಂಬಳಿ ಗಾಳಿಯನ್ನೂ ವಿಕಿರಣವನ್ನೂ ಒಟ್ಟಿಗೆ ತಡೆಯುವ ಸಾಧನ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬೆವರಿನ ವಿಷಯದಲ್ಲಿ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು ೨೪೦೦ ಜೂಲ್ ಶಾಖ ಬೇಕು. ದಪ್ಪ ಸ್ವೆಟರ್ ತೊಟ್ಟು ಸೈಕಲ್ ತುಳಿದು ಬಂದ ವಿದ್ಯಾರ್ಥಿಯ ಅಂಗಿಯಲ್ಲಿ ೫೦ ಗ್ರಾಂ ಬೆವರು ನಿಂತಿದೆಯೆನ್ನೋಣ. ಅದು ಆರಲು ೧,೨೦,೦೦೦ ಜೂಲ್ ಬೇಕು. ಕುಳಿತ ದೇಹ ಇಪ್ಪತ್ತು ನಿಮಿಷಗಳಲ್ಲಿ ಉತ್ಪಾದಿಸುವ ಶಾಖಕ್ಕೆ ಅದು ಸಮ. ಮೇಲಾಗಿ ನೆನೆದ ಬಟ್ಟೆಯ ಎಡೆಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡು ನಿರೋಧವೂ ಕುಗ್ಗುತ್ತದೆ. ದಾರಿಯಲ್ಲಿ ಬೆವರಿದವನು ತರಗತಿಯಲ್ಲಿ ನಡುಗುವುದು ಈ ಕಾರಣದಿಂದ. ಅವನು ಕಡಮೆ ತೊಟ್ಟುದರಿಂದ ನಡುಗುತ್ತಿಲ್ಲ, ಹೆಚ್ಚು ತೊಟ್ಟುದರಿಂದ ನಡುಗುತ್ತಿದ್ದಾನೆ.

ಎಳೆಗಳ ಸ್ವಭಾವವೂ ಇಲ್ಲಿ ಮುಖ್ಯ. ಗಾಳಿಯ ಆರ್ದ್ರತೆ ನೂರಕ್ಕೆ ೬೫ ಇರುವಾಗ ಉಣ್ಣೆ ತನ್ನ ಒಣತೂಕದ ನೂರಕ್ಕೆ ಸುಮಾರು ೧೫ರಷ್ಟು, ಹತ್ತಿ ೭–೮ರಷ್ಟು ತೇವವನ್ನು ಒಳಗೆ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ನೂರಕ್ಕೆ ಅರ್ಧವನ್ನೂ ಹೀರುವುದಿಲ್ಲ. ಉಣ್ಣೆ ತೇವವನ್ನು ಹೀರುವಾಗ ಸ್ವಲ್ಪ ಶಾಖವನ್ನು ಬಿಡುಗಡೆಮಾಡುವುದೂ ಉಂಟು. ಹತ್ತಿ ಬೆವರನ್ನು ಹೀರಿ ಹರಡಿ ಆರಿಸುವುದರಿಂದ ಮಧ್ಯಾಹ್ನದ ಸೆಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನೆನೆದ ಹತ್ತಿ ಚಳಿಯಲ್ಲಿ ಶತ್ರು. ಆದುದರಿಂದ ಹತ್ತಿ ಒಳಗೆ, ಉಣ್ಣೆ ಹೊರಗೆ, ಒಳಗಿನದು ಒಣಗಿರಬೇಕು ಎಂಬುದು ಈ ಋತುವಿನ ಸರಳ ನಿಯಮ.

ಪೆಟ್ಟಿಗೆಯ ಬಟ್ಟೆಗಳನ್ನು ಹೊಂದಿಸುವ ಬಗೆ

ಇಷ್ಟನ್ನು ತಿಳಿದ ಮೇಲೆ ವ್ಯವಹಾರದ ಮಾತು ಹೆಚ್ಚಿಲ್ಲ. ಬೇಸಗೆಯ ಹತ್ತಿಬಟ್ಟೆಗಳನ್ನು ಎತ್ತಿಡಬೇಕಾಗಿಲ್ಲ, ಅವು ಒಳಪದರಗಳಾಗಲಿ. ತುಂಬುತೋಳಿನವನ್ನು ಮುಂದೆ ತೆಗೆದಿಡಿರಿ. ತೋಳನ್ನು ಮಡಿಸುವುದೂ ಇಳಿಸುವುದೂ ಪುಕ್ಕಟೆಯ ಹೊಂದಾಣಿಕೆ. ಕತ್ತಿನ ಗುಂಡಿಯನ್ನು ಬಿಚ್ಚಿದರೆ ಒಳಗಿನ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ಹಾಕಿದರೆ ಉಳಿಯುತ್ತದೆ. ಸೀರೆಯ ಸೆರಗು, ಚೂಡಿದಾರದ ದುಪ್ಪಟ ಇವೂ ಹೀಗೆಯೇ: ಬೆಳಿಗ್ಗೆ ತಲೆ ಭುಜಗಳನ್ನು ಬಳಸಿ, ಹೊತ್ತೇರಿದಂತೆ ಸರಿಸಿಕೊಳ್ಳಬಹುದಾದ ಪದರ. ಏನನ್ನಾದರೂ ಕೊಳ್ಳಲೇಬೇಕಾದರೆ ಮಡಿಸಿ ಚೀಲದಲ್ಲಿಡಬಹುದಾದ ತೆಳುವಾದ ಉಣ್ಣೆಯ ಬಟ್ಟೆಯೊಂದು ಸಾಕು. ಮುಂದೆ ಪುಷ್ಯಮಾಸದ ಚಳಿಯಲ್ಲಿಯೂ ಅದು ವ್ಯರ್ಥವಾಗದು.

ನಡೆದು ಅಥವಾ ಸೈಕಲ್ ತುಳಿದು ಬರುವವರು ಹೊರಡುವಾಗ ಸ್ವಲ್ಪ ಚಳಿಯೆನಿಸುವಷ್ಟೇ ತೊಡಬೇಕು. ಐದು ನಿಮಿಷಗಳಲ್ಲಿ ದೇಹ ತಾನೇ ಕಾಯುತ್ತದೆ. ಸ್ವೆಟರನ್ನು ತೊಡುವುದು ಕಾಲೇಜು ಸೇರಿ ಕುಳಿತ ಮೇಲೆ. ಇದು ರೂಢಿಗೆ ತೀರ ವಿರುದ್ಧವಾದರೂ ಲೆಕ್ಕಕ್ಕೆ ಅನುಗುಣವಾದುದು.

ಬಣ್ಣದ ಬಗ್ಗೆ ಒಂದು ಮಾತು. ಬಿಸಿಲಿನಲ್ಲಿ ಮೈಗಂಟಿದ ತೆಳು ಬಟ್ಟೆ ಬಿಳಿಯದಾಗಿದ್ದರೆ ಹಿತ. ಸಡಿಲವಾದ ಹೊರಬಟ್ಟೆಗೆ ಈ ನಿಯಮ ಅಷ್ಟಾಗಿ ಅನ್ವಯಿಸದು. ನೆಗೆವ್ ಮರುಭೂಮಿಯಲ್ಲಿ ನಡೆಸಿದ, ೧೯೮೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬೆಡೂಯಿನ್ನರ ಸಡಿಲವಾದ ಕಪ್ಪು ನಿಲುವಂಗಿಯ ಒಳಗೂ ಬಿಳಿಯ ನಿಲುವಂಗಿಯ ಒಳಗೂ ಮೈಗೆ ತಲಪಿದ ಶಾಖ ಒಂದೇ ಆಗಿತ್ತು. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಗಾಳಿಯೊಡನೆ ಹೊರಟುಹೋಗಿತ್ತು.

ಎಳೆಗೂಸುಗಳ ಮತ್ತು ವೃದ್ಧರ ವಿಷಯದಲ್ಲಿ ಮಾತ್ರ ಲೆಕ್ಕವನ್ನು ಅವರಿಗೇ ಬಿಡಲಾಗದು. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಮೈಯ ವಿಸ್ತೀರ್ಣ ಹೆಚ್ಚು. ಆದುದರಿಂದ ಅದು ಬೇಗ ತಣ್ಣಗಾಗುತ್ತದೆ. ಆದರೆ ಬೆಳಿಗ್ಗೆ ತೊಡಿಸಿದ ಉಣ್ಣೆಯ ಅಂಗಿ, ಕುಲಾವಿಗಳನ್ನು ಮಧ್ಯಾಹ್ನ ತಾನೇ ಕಳಚಿಕೊಳ್ಳಲಾರದು, ಸೆಕೆಯೆಂದು ಹೇಳಲೂ ಆರದು. ಕೈಕಾಲುಗಳನ್ನು ಮುಟ್ಟಿ ನಿರ್ಣಯಿಸದೆ, ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಿ, ಅಲ್ಲಿ ಬೆವರಿದ್ದರೆ ಒಂದು ಪದರವನ್ನು ತೆಗೆಯಬೇಕು. ವೃದ್ಧರಲ್ಲಿ ಚಳಿಯ ಅರಿವೇ ಮಂದವಾಗಿರಬಹುದು. ಅವರು ಕೇಳುವ ಮೊದಲೇ ಶಾಲು ಕೈಗೆಟಕುವಂತಿರಬೇಕು.

ಒಂದು ಪ್ರಯೋಗ

ಇಲ್ಲಿ ಹೇಳಿದುದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಒಂದೇ ಅಳತೆಯ ನಾಲ್ಕು ತಗಡಿನ ಡಬ್ಬಿಗಳಲ್ಲಿ ಒಂದೇ ಉಷ್ಣತೆಯ ಬಿಸಿನೀರನ್ನು ಸಮನಾಗಿ ತುಂಬಿ ಮುಚ್ಚಿರಿ. ಮೊದಲನೆಯದನ್ನು ಬರಿದೇ ಬಿಡಿರಿ. ಎರಡನೆಯದಕ್ಕೆ ಹಳೆಯ ಧೋತರದ ತುಂಡನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿರಿ. ಮೂರನೆಯದಕ್ಕೆ ಅಷ್ಟೇ ಉದ್ದದ ತುಂಡನ್ನು ಮೂರು ಸುತ್ತು ಸಡಿಲವಾಗಿ ಸುತ್ತಿರಿ. ನಾಲ್ಕನೆಯದಕ್ಕೂ ಸಡಿಲವಾಗಿಯೇ ಸುತ್ತಿ, ಬಟ್ಟೆಯನ್ನು ನೀರಿನಲ್ಲಿ ನೆನೆಸಿರಿ. ಹತ್ತು ಹತ್ತು ನಿಮಿಷಗಳಿಗೊಮ್ಮೆ ನಾಲ್ಕರ ಉಷ್ಣತೆಯನ್ನೂ ಗುರುತು ಹಾಕಿಕೊಂಡು ನಕ್ಷೆ ಬರೆಯಿರಿ. ಮತ್ತೊಮ್ಮೆ ಫ್ಯಾನಿನ ಕೆಳಗೆ ಇದನ್ನೇ ಮಾಡಿರಿ. ಗಾಳಿಯ ಪದರ, ಬೀಸುಗಾಳಿ, ತೇವ ಈ ಮೂರರ ಪ್ರಭಾವವೂ ನಾಲ್ಕು ವಕ್ರರೇಖೆಗಳಲ್ಲಿ ಕಣ್ಣಿಗೆ ಕಟ್ಟುವಂತೆ ಮೂಡುತ್ತದೆ.

ಮುಂದಿನ ಸಲ ಅಂಗಡಿಯ ಗಾಜಿನ ಹಿಂದೆ ತೂಗುವ ದಪ್ಪನೆಯ ಸ್ವೆಟರಿನ ಬೆಲೆಯನ್ನು ಕೇಳುವ ಮೊದಲು ಈ ನಕ್ಷೆಯನ್ನು ಒಮ್ಮೆ ನೋಡುವುದು ಲೇಸು. ಅಲ್ಲಿ ಮಾರಾಟಕ್ಕಿರುವುದರಲ್ಲಿ ಬಹುಪಾಲು ಗಾಳಿ. ಅದನ್ನು ಹಿಡಿದಿಡುವ ಬಟ್ಟೆ ನಮ್ಮ ಪೆಟ್ಟಿಗೆಯಲ್ಲಿಯೇ ಸಾಕಷ್ಟಿದೆ.